ಹಿಮಾಚಲದ ಬೀರ್‌ಗೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿಯಬೇಕು. ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಕಲಿತಿದ್ದೀರಾ?

ಮದ್ದೂರು ಎಕ್ಸ್‌ಪ್ರೆಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಮದ್ದೂರು, ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ವಯಸ್ಸು 31. ಹೋದ ಅಕ್ಟೋಬರ್‌ನಲ್ಲಿ ಫ್ಯಾಕ್ಟರಿಯವರ ಜೊತೆ ಹಿಮಾಚಲಕ್ಕೆ ಹೋದಾಗ ಬೀರ್‌ನಲ್ಲಿ ಟ್ಯಾಂಡೆಮ್ ಹಾರಿದೆ. ಪೈಲಟ್ ಹಿಂದೆ, ನಾನು ಮುಂದೆ. ಬಿಲ್ಲಿಂಗ್ ಅನ್ನೋ ಗುಡ್ಡದ ಮೇಲಿಂದ ಓಡಿಸಿದರು, ಬೀರ್ ಊರಿನ ಚೌಗಾನ್ ಮೈದಾನದಲ್ಲಿ ಇಳಿಸಿದರು. ವಾಪಸ್ ಬಂದ ಮೇಲೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಸಾಮಾನಿನ ಹಾಗೆ ಕೂತು ಹಾರಿದ್ದು ಸಾಕು, ನಾನೇ ಹಾರಿಸುವುದನ್ನು ಕಲಿಯಬೇಕು.

ಅಲ್ಲೇ ಬೀರ್‌ನಲ್ಲಿ ಕಲಿಸುವ ಶಾಲೆಗಳಿವೆ ಅಂತ ಬೋರ್ಡ್ ನೋಡಿದೆ. ನೇರವಾಗಿ ಅಲ್ಲಿಗೇ ಹೋಗಿ ಸೇರಿಕೊಳ್ಳಬಹುದಾ? ನನ್ನ ತೂಕ 92 ಕೆಜಿ, ಅದು ತೊಂದರೆ ಆಗುತ್ತಾ? ಕನ್ನಡಕ ಇದೆ. ಹಿಂದಿ ಅಷ್ಟಕ್ಕಷ್ಟೆ. ಕಲಿತ ಮೇಲೆ ವಾರದ ರಜೆಯಲ್ಲಿ ಚಾಮುಂಡಿ ಬೆಟ್ಟದಲ್ಲೋ ಕರಿಘಟ್ಟದಲ್ಲೋ ಪ್ರಾಕ್ಟೀಸ್ ಮಾಡೋಕೆ ಆಗುತ್ತಾ? ನಮ್ಮ ಕಡೆಯವರು ಹೇಳಿದರೆ ಮನೆಯಲ್ಲೂ ಸ್ವಲ್ಪ ಧೈರ್ಯವಾಗಿ ಹೇಳಬಹುದು. ಅಮ್ಮ ಆ ವಿಡಿಯೋ ನೋಡಿದಾಗಿನಿಂದ ಮಾತು ಬಿಟ್ಟಿದ್ದಾರೆ.

ಬೋಗಾದಿ ಬ್ರೇಕ್‌ಡೌನ್ ಬರೆದದ್ದು:

ಗುರು, ಒಂದು ಸಲ ಟ್ಯಾಂಡೆಮ್ ಹಾರಿದ್ದೀಯ ಅಂದರೆ ಅರ್ಧ ಕಲಿತ ಹಾಗೆ. ಎಡಕ್ಕೆ ಎಳೆದರೆ ಎಡ, ಬಲಕ್ಕೆ ಎಳೆದರೆ ಬಲ, ಎರಡೂ ಎಳೆದರೆ ನಿಲ್ಲುತ್ತದೆ. ಯೂಟ್ಯೂಬ್‌ನಲ್ಲಿ ಎಲ್ಲಾ ಇದೆ. ಒಂದು ಸೆಕೆಂಡ್ ಹ್ಯಾಂಡ್ ರೆಕ್ಕೆ ತಗೊಂಡು ಚಾಮುಂಡಿ ಬೆಟ್ಟದ ವ್ಯೂ ಪಾಯಿಂಟಿನಿಂದ ಬಿಡು, ಲಲಿತಮಹಲ್ ಮುಂದೆ ಇಳಿ. ನಾನು ಕೆಳಗೆ ಬೈಕ್ ಇಟ್ಟುಕೊಂಡು ಕಾಯುತ್ತೇನೆ.

ಒಂಟಿಕೊಪ್ಪಲ್ ಟೈಲರ್ ಬರೆದದ್ದು:

ಬೋಗಾದಿಯವರೇ, ಗಾಳಿಯಲ್ಲಿ ಎರಡೂ ಬ್ರೇಕ್, ಅಂದರೆ ಎರಡು ಕೈಯಲ್ಲಿ ಹಿಡಿಯುವ ಹಗ್ಗದ ಹಿಡಿಗಳನ್ನು, ಪೂರ್ತಿ ಎಳೆದು ಹಿಡಿದರೆ ರೆಕ್ಕೆ ನಿಲ್ಲುವುದಿಲ್ಲ, ಹಾರುವುದನ್ನು ಬಿಟ್ಟು ಬೀಳುತ್ತದೆ. ಅದಕ್ಕೆ ಸ್ಟಾಲ್ ಅನ್ನುತ್ತಾರೆ. ತಮಾಷೆಗೆ ಬರೆದಿದ್ದೀರಿ ಅಂತ ಗೊತ್ತು. ಆದರೆ ಇದನ್ನು ಓದಿ ನಿಜ ಅಂದುಕೊಳ್ಳುವವರೂ ಇರುತ್ತಾರೆ, ಅದಕ್ಕೇ ಮೊದಲು ಇದನ್ನು ಹೇಳಿದೆ.

ಮದ್ದೂರಿನ ತಮ್ಮ, ನಾನು ಒಂಟಿಕೊಪ್ಪಲಿನಲ್ಲಿ ಬ್ಲೌಸ್ ಹೊಲಿಯುವವಳು. ನಲವತ್ತು ದಾಟಿದ ಮೇಲೆ ಕಲಿತೆ. ಮೊದಲು ಮಹಾರಾಷ್ಟ್ರದ ಕಾಮ್‌ಶೇತ್, ಆಮೇಲೆ ಬೀರ್. ಅಂಗಡಿಯಲ್ಲಿ ದಸರಾ, ದೀಪಾವಳಿ ಮುಗಿಯುವವರೆಗೂ ತಲೆ ಎತ್ತೋಕೆ ಆಗಲ್ಲ. ಹಾಗಾಗಿ ನನ್ನ ಹಾರಾಟವೆಲ್ಲ ನವೆಂಬರ್ ಕೊನೆಯಲ್ಲಿ, ಇಲ್ಲವೇ ಮದುವೆ ಸೀಸನ್ ಶುರುವಾಗುವ ಮೊದಲು ಮಾರ್ಚ್‌ನಲ್ಲಿ.

ನೇರ ಬೀರ್‌ಗೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಕಲಿಸುವುದಿಲ್ಲ ಅಂತಲ್ಲ, ಒಳ್ಳೆಯ ಶಿಕ್ಷಕರಿದ್ದಾರೆ. ಆದರೆ ಬಿಲ್ಲಿಂಗ್ ಇರುವುದು ಸುಮಾರು 2400 ಮೀಟರ್ ಎತ್ತರದಲ್ಲಿ. ಚೌಗಾನ್ ಮೈದಾನ ಅದಕ್ಕಿಂತ ಸಾವಿರ ಮೀಟರಿನಷ್ಟು ಕೆಳಗೆ. ಅಲ್ಲಿ ಪೂರ್ತಿ ಹಾರಾಟಕ್ಕೆ ನಿಂತಾಗ ರೆಕ್ಕೆ ಎತ್ತುವ ಕೆಲಸ ನಿಮ್ಮ ಕೈಗೆ ಬಂದಿರಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಟೇಕಾಫ್‌ನಲ್ಲಿ ಟ್ಯಾಂಡೆಮ್‌ಗಳ ಸಾಲು ಹೇಗಿರುತ್ತದೆ ಅಂತ ನೀವೇ ನೋಡಿದ್ದೀರಲ್ಲ. ಆ ಸಾಲಿನಲ್ಲಿ ರೆಕ್ಕೆ ಹರಡಿ, ಅದು ಪಕ್ಕಕ್ಕೆ ಬಿದ್ದು, ಮತ್ತೆ ಹರಡಿ, ಹಿಂದೆ ನಿಂತವರು ಗೊಣಗುತ್ತಾ ಇದ್ದರೆ ಯಾರಿಗಾದರೂ ಕೈ ನಡುಗುತ್ತದೆ. ಕಾಮ್‌ಶೇತ್‌ನಲ್ಲಿ ಸಣ್ಣ ಗುಡ್ಡಗಳಿವೆ. ಇಳಿಜಾರಿನಲ್ಲಿ ಓಡಿ, ಕಾಲು ಸ್ವಲ್ಪ ಮೇಲೆದ್ದು, ಕೆಳಗಿನ ಬಯಲಿನಲ್ಲಿ ಇಳಿದು, ರೆಕ್ಕೆ ಹೊತ್ತು ಮತ್ತೆ ಹತ್ತುವುದು. ಮಳೆಗಾಲ ಮುಗಿದ ಮೇಲಿಂದ ಬೇಸಿಗೆಯವರೆಗೂ ಅಲ್ಲಿ ತರಬೇತಿ ನಡೆಯುತ್ತದೆ. ನಮ್ಮೂರಿನಿಂದ ದಾದರ್‌ಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ ಪುಣೆ ಮೇಲೇ ಹೋಗುತ್ತದೆ. ಪುಣೆಯಲ್ಲಿ ಇಳಿದು ಲೋನಾವಳ ಲೋಕಲ್ ಹತ್ತಿದರೆ ಕಾಮ್‌ಶೇತ್ ಸ್ಟೇಷನ್ ಸಿಗುತ್ತದೆ.

ಕೋರ್ಸನ್ನು ಪಿ-1, ಪಿ-2, ಪಿ-3 ಅಂತ ಹಂತವಾಗಿ ಕಲಿಸುತ್ತಾರೆ. ಮೊದಲ ಎರಡು ಹಂತಕ್ಕೆ ಸೇರಿ ಸಾಮಾನ್ಯವಾಗಿ ಒಂದು ವಾರ ಅನ್ನುತ್ತಾರೆ. ಅದರಲ್ಲಿ ಜಾಸ್ತಿ ಹೊತ್ತು ನೆಲದ ಮೇಲೇ. ಅದಕ್ಕೆ ಗ್ರೌಂಡ್ ಹ್ಯಾಂಡ್ಲಿಂಗ್ ಅಂತ ಹೆಸರು. ಹಾರುವುದಕ್ಕೆ ದುಡ್ಡು ಕೊಟ್ಟು ಬಂದವರು ಇಲ್ಲಿ ಬೇಜಾರಾಗುತ್ತಾರೆ. ನನಗಂತೂ ಅದೇ ಇಷ್ಟವಾಯಿತು, ಬಟ್ಟೆ ಜೊತೆ ಬದುಕಿದವಳು ನೋಡಿ.

ಆ ರೆಕ್ಕೆ ನೈಲಾನ್ ಬಟ್ಟೆ. ಹರಿದರೆ ಹರಿಯುತ್ತಾ ಹೋಗಬಾರದು ಅಂತ ಚೌಕ ಚೌಕವಾಗಿ ದಪ್ಪ ಎಳೆ ಹಾಕಿ ನೇಯ್ದಿರುತ್ತಾರೆ, ರಿಪ್‌ಸ್ಟಾಪ್ ಅನ್ನುವುದು ಅದನ್ನೇ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಅಡ್ಡ ಗೋಡೆಗಳು. ಉದ್ದ ದಿಂಬಿನ ಕವರ್‌ಗಳನ್ನು ಪಕ್ಕಪಕ್ಕ ಸೇರಿಸಿ ಹೊಲಿದು ಒಂದು ಕಡೆ ಬಾಯಿ ಬಿಟ್ಟ ಹಾಗೆ. ಆ ಬಾಯಿಂದ ಗಾಳಿ ನುಗ್ಗಿ ಒಳಗೆ ಒತ್ತಡ ಆದರೆ ಮಾತ್ರ ಅದು ರೆಕ್ಕೆ. ಕಡ್ಡಿ ಇಲ್ಲ, ಚೌಕಟ್ಟಿಲ್ಲ. ಒಳಗೋಡೆಗಳಲ್ಲಿ ತೂತುಗಳಿರುತ್ತವೆ, ಒಂದು ಕೋಣೆಯ ಗಾಳಿ ಪಕ್ಕದ್ದಕ್ಕೆ ಹೋಗಲಿ ಅಂತ. ಗಾಳಿ ಸರಿಯಾಗಿ ಬಡಿಯದೆ ಒಂದು ಪಕ್ಕ ಮಡಿಚಿಕೊಂಡರೆ ಅದು ಕೊಲ್ಯಾಪ್ಸ್. ಯುರೋಪಿನ ಸುರಕ್ಷತಾ ಪರೀಕ್ಷೆಯ ಲೆಕ್ಕದಲ್ಲಿ ಕಲಿಯುವವರಿಗೆ ಕೊಡುವ ಇಎನ್-ಎ ವರ್ಗದ ರೆಕ್ಕೆಗಳು ಇಂಥ ಕೊಲ್ಯಾಪ್ಸ್‌ನಿಂದ ಹೆಚ್ಚಾಗಿ ತಾವೇ ಸುಧಾರಿಸಿಕೊಳ್ಳುತ್ತವೆ. ಬಿ, ಸಿ, ಡಿ ಅಂತ ಮುಂದೆ ಹೋದ ಹಾಗೆ ವೇಗ ಜಾಸ್ತಿ, ಕ್ಷಮಿಸುವ ಗುಣ ಕಡಿಮೆ. ಯಾರಾದರೂ ‘ನಿಮ್ಮ ಸೈಜಿನ ಎ ಇಲ್ಲ, ಸಿ ಇದೆ, ಇದರಲ್ಲೇ ಕಲಿಯಿರಿ’ ಅಂದರೆ ಬ್ಯಾಗ್ ಎತ್ತಿಕೊಂಡು ಬಂದುಬಿಡಿ.

ರೆಕ್ಕೆಯನ್ನು ತೋಳಿನ ಬಲದಿಂದ ಮೇಲೆತ್ತುವುದಲ್ಲ. ಗಾಳಿ ಕಡಿಮೆ ಇದ್ದರೆ ರೆಕ್ಕೆಗೆ ಬೆನ್ನು ಹಾಕಿ ಎದೆ ಮುಂದೆ ಮಾಡಿ ಓಡುತ್ತೀರಿ, ಅದು ಫಾರ್ವರ್ಡ್ ಲಾಂಚ್. ಗಾಳಿ ಚೆನ್ನಾಗಿದ್ದರೆ ರೆಕ್ಕೆಗೆ ಮುಖ ಮಾಡಿ ನಿಂತು, ಅದನ್ನು ತಲೆ ಮೇಲೆ ತಂದು, ನಿಲ್ಲಿಸಿ, ನೋಡಿ, ಆಮೇಲೆ ತಿರುಗಿ ಹೊರಡುತ್ತೀರಿ, ಅದು ರಿವರ್ಸ್. ರೆಕ್ಕೆ ಎಡಕ್ಕೆ ವಾಲಿದರೆ ಮೊದಲು ನೀವು ಎಡಕ್ಕೆ ಅದರ ಕೆಳಗೆ ಓಡಬೇಕು, ಬ್ರೇಕ್ ಆಮೇಲೆ. ಇದು ಕಾಲಿಗೆ ಬರುವವರೆಗೂ ಹಾರುವ ಮಾತು ಬೇಡ. ತೊಡೆ, ಸೊಂಟ ಎಲ್ಲಾ ನೋಯುತ್ತದೆ. ಹೋಗುವ ಮೊದಲು ಒಂದು ತಿಂಗಳು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಬೆಟ್ಟದಿಂದ ನಿಮಗೆ ಆಗುವ ಉಪಯೋಗ ಅಷ್ಟೇ.

ಯಾಕೆ ಅಂದರೆ ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಮಂಡಕಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ, ಕೆಳಗೆ ಇಳಿಯುವ ಜಾಗದಲ್ಲೆಲ್ಲ ಮನೆ, ತಂತಿ. ಕರಿಘಟ್ಟದಲ್ಲಿ ಮುಳ್ಳಿನ ಗಿಡ, ಕೆಳಗೆ ಲೋಕಪಾವನಿ. ಮೇಲುಕೋಟೆ ಸುತ್ತ ವನ್ಯಜೀವಿ ಧಾಮ. ಕುಂತಿ ಬೆಟ್ಟ ಹುಟ್ಟುಬಂಡೆ, ಅದರ ಹಿಂಬದಿಯಲ್ಲಿ ಗಾಳಿ ಸುರುಳಿ ಸುತ್ತುತ್ತದೆ. ಇವುಗಳಲ್ಲಿ ಯಾವುದೂ ಬೇಡ.

ಈಗ ಕಣಿವೆ ವಿಷಯ. ಬೀರ್‌ನಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು, ಶಾಲೆಯಲ್ಲಿ ಬೋರ್ಡ್ ಮೇಲೆ ಬರೆದು ಅರ್ಧ ಗಂಟೆಯಲ್ಲಿ ಮುಗಿಸುವುದೂ ಇದನ್ನೇ. ಕಣಿವೆಗೆ ಅದರದ್ದೇ ದಿನಚರಿ ಇದೆ. ರಾತ್ರಿ ಗುಡ್ಡ ತಣ್ಣಗಾಗುತ್ತದೆ, ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಬೆಳಿಗ್ಗೆ ಬೇಗ ಬಿಲ್ಲಿಂಗ್‌ನಲ್ಲಿ ನಿಂತರೆ ಗಾಳಿ ಬೆನ್ನಿಗೆ ಬಡಿಯುತ್ತದೆ. ಆಗ ಹೊರಡುವ ಹಾಗಿಲ್ಲ, ಹೊರಡುವಾಗ ಗಾಳಿ ಎದುರಿಗೇ ಬರಬೇಕು. ಬಿಲ್ಲಿಂಗ್ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದೆ, ಹಿಂದೆ ಉತ್ತರಕ್ಕೆ ಧೌಲಾಧಾರ್ ಸಾಲು. ಹಾಗಾಗಿ ಬಿಸಿಲು ಚೆನ್ನಾಗಿ ಬೀಳುತ್ತದೆ. ನೆಲ ಕಾದಂತೆ ಅದಕ್ಕೆ ಅಂಟಿದ ಗಾಳಿ ಹಗುರಾಗಿ ಇಳಿಜಾರು ಹಿಡಿದು ಮೇಲೇಳುತ್ತದೆ. ಗಾಳಿ ನೋಡಲು ಕಟ್ಟಿದ ರಿಬ್ಬನ್ನು ಸೋಮಾರಿಯ ಹಾಗೆ ಒಮ್ಮೆ ಆಡಿ ಸುಮ್ಮನಾಗುತ್ತದೆ, ಮತ್ತೆ ಆಡುತ್ತದೆ. ಹೊಸಬರಿಗೆ ಅದೇ ಒಳ್ಳೆಯ ಹೊತ್ತು.

ಮಧ್ಯಾಹ್ನದ ಹೊತ್ತಿಗೆ ಥರ್ಮಲ್‌ಗಳು, ಅಂದರೆ ಕಾದ ನೆಲದಿಂದ ಮೇಲೇಳುವ ಬಿಸಿ ಗಾಳಿ, ಬಲವಾಗುತ್ತವೆ. ಒಳ್ಳೆಯ ಥರ್ಮಲ್ ಸೆಕೆಂಡಿಗೆ ಎರಡು ಮೂರು ಮೀಟರ್ ಎತ್ತುತ್ತದೆ, ಏರುತ್ತಿದ್ದೀರಾ ಇಳಿಯುತ್ತಿದ್ದೀರಾ ಅಂತ ತಿಳಿಸಲು ಕೊರಳಲ್ಲೋ ತೊಡೆ ಮೇಲೋ ಇರುವ ವೇರಿಯೋ ಅನ್ನುವ ಉಪಕರಣ ಪೀಂ ಪೀಂ ಅನ್ನುತ್ತಲೇ ಇರುತ್ತದೆ. ಪಳಗಿದವರು ಇದನ್ನೇ ಕಾಯುತ್ತಾರೆ, ಇದರ ಮೇಲೆ ಹತ್ತಿ ಧರ್ಮಶಾಲಾ ದಿಕ್ಕಿಗೆ ಹೊರಡುತ್ತಾರೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಸ್ಪರ್ಧೆ ಇಲ್ಲಿ ನಡೆದದ್ದೂ ಇದೇ ಗಾಳಿಗೋಸ್ಕರ. ನಮಗಲ್ಲ ಅದು. ಏಳುವ ಗಾಳಿ ಇದ್ದ ಕಡೆ ಪಕ್ಕದಲ್ಲೇ ಇಳಿಯುವ ಗಾಳಿಯೂ ಇರುತ್ತದೆ, ಎರಡರ ಅಂಚಿನಲ್ಲೇ ರೆಕ್ಕೆ ಮಡಿಚುವುದು. ಜೊತೆಗೆ ಬಯಲು ಕಡೆಯಿಂದ ಕಣಿವೆಯೊಳಗೆ ಗಾಳಿ ಹೊಕ್ಕುತ್ತದೆ, ಮಧ್ಯಾಹ್ನ ಕಳೆದಂತೆ ಜೋರಾಗುತ್ತದೆ. ಕಲಿಯುವ ರೆಕ್ಕೆಯ ವೇಗ ಗಂಟೆಗೆ ಸುಮಾರು 36ರಿಂದ 38 ಕಿಮೀ. ಎದುರು ಗಾಳಿ 20 ಇದ್ದರೆ ನೆಲದ ಲೆಕ್ಕದಲ್ಲಿ 17ರಷ್ಟು ಮುಂದೆ ಹೋಗುತ್ತೀರಿ. 37 ಇದ್ದರೆ ಅಲ್ಲೇ ನೇತಾಡುತ್ತೀರಿ. ಅದಕ್ಕಿಂತ ಜಾಸ್ತಿ ಆದರೆ ಮುಖ ಮುಂದಕ್ಕೆ, ಪ್ರಯಾಣ ಹಿಂದಕ್ಕೆ. ಹಿಂದೆ ಏನಿದೆ ಅಂತ ನೋಡಿಕೊಂಡಿರಬೇಕು. ಗುಡ್ಡದ ಮರೆ ಕಡೆಗೆ ಹೋದರೆ ಅಲ್ಲಿ ರೋಟರ್, ಅಂದರೆ ಉರುಳುವ ಗಾಳಿ. ಕಣ್ಣಿಗೆ ಕಾಣುವುದಿಲ್ಲ, ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವ ಜಾಗ ಇರುತ್ತದಲ್ಲ, ಆ ಜಾಗ ಎಲ್ಲಿರಬಹುದು ಅಂತ ಊಹಿಸಬೇಕು.

ಸಂಜೆ ಆಗುತ್ತಿದ್ದ ಹಾಗೆ ಇಳಿಜಾರು ತಣ್ಣಗಾಗುತ್ತದೆ, ಕಣಿವೆ ತಳ ಇನ್ನೂ ಬೆಚ್ಚಗಿರುತ್ತದೆ. ಆಗ ಕಣಿವೆಯ ಮಧ್ಯದಲ್ಲೇ ಗಾಳಿ ಮೆಲ್ಲಗೆ, ಅಗಲವಾಗಿ ಏಳುತ್ತದೆ. ಆ ಹೊತ್ತಿನಲ್ಲಿ ರೆಕ್ಕೆ ಅಲುಗುವುದೇ ಇಲ್ಲ. ನನಗೆ ಇಡೀ ದಿನದಲ್ಲಿ ಅದೊಂದೇ ಸಾಕು.

ಮೋಡ ನೋಡುವುದನ್ನೂ ಕಲಿಯಿರಿ. ಹತ್ತಿ ಚೂರುಗಳಷ್ಟೇ ಇದ್ದರೆ ಚಿಂತೆ ಇಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿ ಬೆಳೆಯುತ್ತಿದ್ದರೆ ಇಳಿದುಬಿಡಿ, ‘ಇನ್ನೊಂದು ಸುತ್ತು’ ಬೇಡ. ಮೋಡದ ಕೆಳಗೆ ಎಳೆತ ಇರುತ್ತದೆ, ಒಳಗೆ ಹೋದರೆ ದಿಕ್ಕೇ ತಿಳಿಯುವುದಿಲ್ಲ. ಮಳೆಗಾಲದಲ್ಲಿ, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹಿಮಾಚಲದಲ್ಲಿ ಹಾರಾಟವೇ ನಿಷೇಧ. ರಜೆ ಹಾಕುವ ಮೊದಲು ಇದನ್ನು ನೆನಪಿಡಿ.

ಹಾಗಾಗಿ ಅಲ್ಲಿ ದಿನದಲ್ಲಿ ಜಾಸ್ತಿ ಹೊತ್ತು ಕಾಯುವುದೇ. ಅವರೇ ನಗುತ್ತಾ ಪ್ಯಾರಾವೇಟಿಂಗ್ ಅನ್ನುತ್ತಾರೆ. ಬಿಲ್ಲಿಂಗ್‌ನಲ್ಲಿ ಮ್ಯಾಗಿ ತಿನ್ನುತ್ತಾ, ಬೇರೆಯವರು ಹಾರುವುದನ್ನು ನೋಡುತ್ತಾ ಕೂರಬೇಕು. ಯಾರು ಎಲ್ಲಿ ಎದ್ದರು, ಎಲ್ಲಿ ಇಳಿದರು, ಹದ್ದುಗಳು ಎಲ್ಲಿ ಸುತ್ತುತ್ತಿವೆ ಅಂತ ನೋಡಿದರೆ ಆ ದಿನದ ಗಾಳಿ ಅರ್ಧ ಗೊತ್ತಾಗುತ್ತದೆ. ಕೆಲವು ದಿನ ಅಷ್ಟು ನೋಡಿ, ರೆಕ್ಕೆ ಬ್ಯಾಗಿನಿಂದ ತೆಗೆಯದೆ, ಅದೇ ಜೀಪಿನಲ್ಲಿ 14 ಕಿಲೋಮೀಟರ್ ಕೆಳಗೆ ಬರುತ್ತೇನೆ. ಜೀಪಿನವರಿಗೆ ಈಗ ಅಭ್ಯಾಸ ಆಗಿದೆ, ‘ಮೇಡಂ ಆಜ್ ಭೀ ನಹೀಂ?’ ಅಂತ ಕೇಳುತ್ತಾರೆ. ದುಡ್ಡು ಕೊಟ್ಟಿದ್ದೇನೆ, ರಜೆ ಹಾಕಿ ಬಂದಿದ್ದೇನೆ ಅನ್ನುವ ಲೆಕ್ಕ ತಲೆಯಲ್ಲಿ ಇಟ್ಟುಕೊಂಡವರಿಗೆ ಆ ಜೀಪು ಹತ್ತುವುದು ಬಹಳ ಕಷ್ಟ. ನಿಮಗೆ ಎಷ್ಟು ದಿನ ರಜೆ ಸಿಗುತ್ತದೋ ಅದರಲ್ಲಿ ಅರ್ಧ ಇಂಥ ದಿನ ಅಂತ ಮೊದಲೇ ಬರೆದಿಟ್ಟುಕೊಂಡು ಹೊರಡಿ.

ತೂಕ ತೊಂದರೆ ಇಲ್ಲ. ಆದರೆ ಲೆಕ್ಕ ಬೇಕು. ಪ್ರತಿ ರೆಕ್ಕೆಗೂ ಇಷ್ಟರಿಂದ ಇಷ್ಟು ಕೆಜಿ ಅಂತ ಇರುತ್ತದೆ. ಅದು ನಿಮ್ಮ ಮೈ ತೂಕವಲ್ಲ, ರೆಕ್ಕೆ, ಹಾರ್ನೆಸ್ (ಕೂರುವ ಪಟ್ಟಿಗಳ ಸೀಟು), ಹೆಲ್ಮೆಟ್, ತುರ್ತಿಗೆ ಇಡುವ ರಿಸರ್ವ್ ಪ್ಯಾರಾಶೂಟ್, ನೀರಿನ ಬಾಟಲಿ ಎಲ್ಲಾ ಸೇರಿ. ಸಾಮಾನು 18 ಕೆಜಿ ಅಂತ ಇಟ್ಟರೂ ನೀವು 110. ನಿಮಗೆ 95ರಿಂದ 120ರ ಆಸುಪಾಸಿನ ರೆಕ್ಕೆ ಬೇಕಾಗುತ್ತದೆ. ಶಾಲೆಯವರಿಗೆ ಫೋನ್ ಮಾಡಿದಾಗ ಇದನ್ನು ಮೊದಲೇ ಹೇಳಿ, ಅಷ್ಟು ದೊಡ್ಡ ಎ ರೆಕ್ಕೆ ಇದೆಯಾ ಅಂತ ಕೇಳಿ. ನನಗೆ ಉಲ್ಟಾ ಸಮಸ್ಯೆ, ಸಣ್ಣದು ಸಿಗುವುದಿಲ್ಲ. ತೂಕ ಕಡಿಮೆಯಾದರೆ ರೆಕ್ಕೆ ಗಾಳಿಯ ಮಾತು ಕೇಳುತ್ತದೆ, ನಮ್ಮ ಮಾತು ಕೇಳುವುದಿಲ್ಲ.

ಕನ್ನಡಕಕ್ಕೆ ಹಿಂದೆ ಒಂದು ದಾರ ಕಟ್ಟಿಕೊಳ್ಳಿ. ಹಿಂದಿ ಬರದಿದ್ದರೂ ನಡೆಯುತ್ತದೆ, ರೇಡಿಯೋದಲ್ಲಿ ಬರುವುದು ಲೆಫ್ಟ್, ರೈಟ್, ಹ್ಯಾಂಡ್ಸ್ ಅಪ್, ಫ್ಲೇರ್ (ನೆಲ ಮುಟ್ಟುವ ಹೊತ್ತಿಗೆ ಎರಡೂ ಬ್ರೇಕ್ ಎಳೆಯುವುದು) ಇಷ್ಟೇ. ಕೈಗವಸು ತಗೊಂಡು ಹೋಗಿ. ನವೆಂಬರ್‌ನಲ್ಲಿ ಮೇಲೆ ಚಳಿಗೆ ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಎಳೆದಿದ್ದೀರಿ ಅನ್ನುವುದೇ ಗೊತ್ತಾಗುವುದಿಲ್ಲ.

ಗಂಜಾಂ ಗಾಳಿ ಬರೆದದ್ದು:

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಕಣಿವೆ ವಿಷಯದಲ್ಲಿ ಒಂದಕ್ಷರ ಬದಲಾಯಿಸುವಂತಿಲ್ಲ. ಆದರೆ ನೇರ ಬೀರ್ ಬೇಡ ಅನ್ನುವುದಕ್ಕೆ ನನ್ನ ತಕರಾರಿದೆ. ನಾನು ಶ್ರೀರಂಗಪಟ್ಟಣದವನು, ಬೆಂಗಳೂರಿನಲ್ಲಿ ಐಟಿ ಕೆಲಸ, ಪೂರ್ತಿ ಬೀರ್‌ನಲ್ಲೇ ಕಲಿತೆ. ಅಲ್ಲೂ ಮೊದಲು ಕೆಳಗೆ ಸಣ್ಣ ಇಳಿಜಾರಿನಲ್ಲೇ ಓಡಿಸುತ್ತಾರೆ. ಆಮೇಲೆ ಮೇಲಿಂದ ಹೊರಟರೆ ಕೈಗೆ ಸಿಗುವುದು ಸಮಯ. ಈ ರೆಕ್ಕೆಗಳು ಒಂದು ಮೀಟರ್ ಇಳಿಯುವಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗುತ್ತವೆ. ಸಾವಿರ ಮೀಟರ್ ಎತ್ತರ ಇದ್ದರೆ ಗಾಳಿ ಇಲ್ಲದಾಗಲೂ ಎಂಟು ಕಿಲೋಮೀಟರ್. ಅಷ್ಟು ಹೊತ್ತಿನಲ್ಲಿ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕೈ ಬಿಟ್ಟು ನೋಡಿ, ಎಲ್ಲಾ ಅಭ್ಯಾಸ ಮಾಡಬಹುದು. ಸಣ್ಣ ಗುಡ್ಡದಲ್ಲಿ ಕಾಲೆತ್ತುವಷ್ಟರಲ್ಲಿ ನೆಲ ಬಂದುಬಿಡುತ್ತದೆ. ಚೌಗಾನ್ ಕೂಡ ಎಷ್ಟು ವಿಶಾಲ ನೋಡಿ, ತಪ್ಪಿಸಿಕೊಂಡು ಹೋಗಲಾರದಷ್ಟು ದೊಡ್ಡದು.

ನನ್ನ ಮಾತು ಏನೆಂದರೆ ಊರಿಗಿಂತ ಶಾಲೆ ಮುಖ್ಯ. ಒಂದು ಶಾಲೆಯಲ್ಲಿ, ಯಾವ ಊರು ಅಂತ ಹೇಳುವುದಿಲ್ಲ, ಒಬ್ಬ ಶಿಕ್ಷಕನಿಗೆ ಹದಿನಾಲ್ಕು ಜನ ಇದ್ದರು. ಒಂದು ರೆಕ್ಕೆಗೆ ಮೂವರು ಸರದಿ. ಎರಡು ದಿನ ಗಾಳಿ ಇಲ್ಲದೆ ಸುಮ್ನೆ ಕೂರಿಸಿ, ಕೊನೆಯ ದಿನ ‘ಕೋರ್ಸ್ ಮುಗಿಯಿತು, ಸರ್ಟಿಫಿಕೇಟ್ ತಗೊಳ್ಳಿ’ ಅಂದರು. ನನ್ನ ಗೆಳೆಯ ಜಗಳ ಆಡಿ ಅರ್ಧ ದುಡ್ಡು ವಾಪಸ್ ತಗೊಂಡ. ಅದಕ್ಕೇ ದುಡ್ಡು ಕಟ್ಟುವ ಮೊದಲು ಕೇಳಿ. ಒಬ್ಬ ಶಿಕ್ಷಕನಿಗೆ ಎಷ್ಟು ಜನ? ಟೇಕಾಫ್‌ನಲ್ಲಿ ಒಬ್ಬರು, ಲ್ಯಾಂಡಿಂಗ್‌ನಲ್ಲಿ ಒಬ್ಬರು ರೇಡಿಯೋ ಹಿಡಿದು ಇರುತ್ತಾರಾ? ಮೊದಲ ಎತ್ತರದ ಹಾರಾಟಕ್ಕೆ ರಿಸರ್ವ್ ಕೊಡುತ್ತೀರಾ, ಅದನ್ನು ಕೊನೆಯ ಸಲ ಬಿಚ್ಚಿ ಮಡಚಿದ್ದು ಯಾವಾಗ? ಹವಾಮಾನ ಕೈಕೊಟ್ಟರೆ ಮತ್ತೆ ಬಂದು ಮುಗಿಸಬಹುದಾ? ಇದಕ್ಕೆ ಸಿಡುಕುವವರ ಹತ್ತಿರ ಹೋಗಬೇಡಿ.

ಇನ್ನೊಂದು, ನಿಮ್ಮ ಇನ್ಶೂರೆನ್ಸ್ ಪತ್ರ ತೆಗೆದು ಸಣ್ಣ ಅಕ್ಷರ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗೆ ದುಡ್ಡಿಲ್ಲ ಅಂತಲೇ ಬರೆದಿರುತ್ತಾರೆ.

ಮಳವಳ್ಳಿ ಮೇಷ್ಟ್ರು ಬರೆದದ್ದು:

ನಾನು ಹಾರಿದವನಲ್ಲ, ಹಾರಿದವನ ಮಾವ. ನಮ್ಮ ಹುಡುಗ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಮೇಲೆ ಏನೂ ಆಗಿರಲಿಲ್ಲವಂತೆ, ಇಳಿಯುವಾಗ ನೆಲಕ್ಕೆ ಇನ್ನೂ ಎರಡಾಳು ಎತ್ತರ ಇರುವಾಗಲೇ ಎರಡೂ ಬ್ರೇಕ್ ಎಳೆದುಬಿಟ್ಟನಂತೆ. ಸಾಮಾನ್ಯ ಕ್ಯಾನ್ವಾಸ್ ಶೂ ಹಾಕಿದ್ದ. ಹಿಮ್ಮಡಿ ಮೇಲಿನ ಗಂಟು ಮುಚ್ಚುವ ಎತ್ತರದ ಶೂ ತಗೊಳ್ಳಿ ಅಂತ ಈಗ ಎಲ್ಲರಿಗೂ ಹೇಳುತ್ತಿದ್ದಾನೆ. ನಿಮ್ಮ ತಾಯಿಯವರಿಗೆ ವಿಡಿಯೋ ತೋರಿಸಬೇಡಿ ಮಹರಾಯರೇ. ಶಿಕ್ಷಕರ ನಂಬರ್, ಉಳಿಯುವ ಜಾಗದ ನಂಬರ್ ಬರೆದುಕೊಡಿ. ದಿನಾ ಸಂಜೆ ಒಂದು ಫೋನ್ ಮಾಡಿ. ನಮಗೆ ಬೇಕಾಗಿದ್ದು ಅಷ್ಟೇ.

ಮದ್ದೂರು ಎಕ್ಸ್‌ಪ್ರೆಸ್ ಬರೆದದ್ದು:

ಅಕ್ಕ, ಗಂಜಾಂ ಸರ್, ಮೇಷ್ಟ್ರೇ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜನವರಿಯಲ್ಲಿ ಸಂಕ್ರಾಂತಿ ಆದ ಮೇಲೆ ಕಾಮ್‌ಶೇತ್, ಎಲ್ಲಾ ಸರಿ ಹೋದರೆ ಮುಂದಿನ ನವೆಂಬರ್‌ನಲ್ಲಿ ಬೀರ್ ಅಂತ ಅಂದುಕೊಂಡಿದ್ದೇನೆ. ಇನ್ನೊಂದೆರಡು ಕೇಳಬೇಕಿತ್ತು. ಕಲಿತು ಬಂದ ಮೇಲೆ ನೆಲದ ಅಭ್ಯಾಸ ನಮ್ಮ ಗದ್ದೆಯಲ್ಲೇ ಮಾಡಬಹುದಾ? ಭತ್ತ ಕೊಯ್ದ ಮೇಲೆ ಖಾಲಿ ಇರುತ್ತದೆ. ಮತ್ತೆ ಒಬ್ಬರು ಹಳೆಯ ರೆಕ್ಕೆ ಮಾರುತ್ತಿದ್ದಾರೆ, ಬೆಲೆ ಕಡಿಮೆ ಹೇಳುತ್ತಿದ್ದಾರೆ. ಸ್ವಲ್ಪ ಹರಿದಿದೆಯಂತೆ, ಟೈಲರ್ ಹತ್ತಿರ ಹೊಲಿಸಿಕೊಳ್ಳಿ ಅಂದರು.

ಒಂಟಿಕೊಪ್ಪಲ್ ಟೈಲರ್ ಬರೆದದ್ದು:

ಗಂಜಾಂ ಅವರೇ, ಎತ್ತರದಲ್ಲಿ ಸಮಯ ಸಿಗುತ್ತದೆ ಅನ್ನುವುದು ಒಪ್ಪಿದೆ. ಆದರೂ ನಾನು ಕಾಮ್‌ಶೇತ್ ಪಕ್ಷವೇ. ಶಾಲೆ ಮುಖ್ಯ ಅನ್ನುವುದಕ್ಕೆ ಪೂರ್ತಿ ಓಟು.

ಗದ್ದೆ ಆಗಬಹುದು, ಎಲ್ಲಾ ಗದ್ದೆಯೂ ಅಲ್ಲ. ಭತ್ತದ ಕೂಳೆ ಗಟ್ಟಿಯಾಗಿ ನಿಂತಿದ್ದರೆ ಬಟ್ಟೆಗೆ ಚುಚ್ಚುತ್ತದೆ, ರೆಕ್ಕೆಯನ್ನು ಹಾರ್ನೆಸ್‌ಗೆ ಸೇರಿಸುವ ದಾರಗಳು ಸಿಕ್ಕಿಕೊಳ್ಳುತ್ತವೆ. ಬದು ಎಡವಿ ಬೀಳುತ್ತೀರಿ, ಏಕೆಂದರೆ ಕಣ್ಣೆಲ್ಲ ಮೇಲೆ ಇರುತ್ತದೆ. ಪಂಪ್‌ಸೆಟ್ಟಿನ ಕರೆಂಟ್ ತಂತಿ, ನಾಲೆ ಎರಡೂ ದೂರ ಇರಬೇಕು. ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಆ ಕಡೆ ತಲೆ ಹಾಕಬೇಡಿ, ನೀರಿಗೆ ಬಿದ್ದ ರೆಕ್ಕೆ ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಹೊಸ ಲೇಔಟುಗಳು ಖಾಲಿ ಕಾಣುತ್ತವೆ, ಆದರೆ ಅಲ್ಲಿ ಸೈಟ್ ಕಲ್ಲುಗಳ ಕಾಟ. ದನ ಕಟ್ಟದ, ಹುಲ್ಲಿರುವ ಊರ ಮೈದಾನ ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು. ಬೆಳಿಗ್ಗೆ ಬಿಸಿಲೇರುವ ಮೊದಲು ಮಾಡಿ. ಮಾರ್ಚ್ ಬಂದರೆ ಮಂಡ್ಯದ ಬಯಲಲ್ಲಿ ಹನ್ನೊಂದು ಗಂಟೆಗೇ ಸುಂಟರಗಾಳಿ ಧೂಳು ಎಬ್ಬಿಸುತ್ತದೆ, ಅದೂ ಥರ್ಮಲ್ಲೇ. ಅದು ಹರಡಿದ ರೆಕ್ಕೆಗೆ ಸಿಕ್ಕರೆ ನಿಮ್ಮನ್ನೂ ಎತ್ತಿ ಹಾಕುತ್ತದೆ. ಜೂನ್‌ನಿಂದ ಪಶ್ಚಿಮದ ಗಾಳಿ ಜೋರು, ಆಗ ಬೇಡವೇ ಬೇಡ. ಹೆಲ್ಮೆಟ್ ನೆಲದಲ್ಲೂ ಬೇಕು. ಒಬ್ಬರೇ ಮಾಡಬೇಡಿ, ಬೋಗಾದಿಯವರು ಬೈಕ್ ಇಟ್ಟುಕೊಂಡು ಕಾಯುತ್ತೇನೆ ಅಂದಿದ್ದಾರಲ್ಲ, ಅವರನ್ನು ಕರೆಯಿರಿ.

ಆ ಹಳೆಯ ರೆಕ್ಕೆ ತಗೊಳ್ಳಬೇಡಿ. ಹರಿದದ್ದು ಚಿಕ್ಕ ವಿಷಯ. ಬಿಸಿಲು ಕುಡಿದ ಬಟ್ಟೆಯಲ್ಲಿ ಮೇಲಿನ ಲೇಪನ ಹೋಗಿ ಗಾಳಿ ಸೋರುತ್ತದೆ, ಸೋರಿದರೆ ರೆಕ್ಕೆ ಏಳುವುದು ನಿಧಾನ, ಬೇಗ ಸ್ಟಾಲ್ ಆಗುತ್ತದೆ. ಎಷ್ಟು ಸೋರುತ್ತದೆ ಅಂತ ಅಳೆಯುವ ಉಪಕರಣ ಇದೆ, ಸರ್ವಿಸ್ ಮಾಡುವವರ ಹತ್ತಿರ ಇರುತ್ತದೆ. ದಾರಗಳೂ ಬಳಸುತ್ತಾ ಕೆಲವು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ. ಅದರ ಅಳತೆ ಮಿಲಿಮೀಟರ್ ಲೆಕ್ಕದಲ್ಲಿ. ಕಲಿತ ಶಾಲೆಯವರೇ ನೋಡಿ ‘ಇದು ಆಗುತ್ತದೆ’ ಅಂದ ರೆಕ್ಕೆ ಮಾತ್ರ ತಗೊಳ್ಳಿ.

ಇನ್ನು ಹೊಲಿಸುವ ವಿಷಯ. ನಾನೇ ಟೈಲರ್, ನನ್ನ ರೆಕ್ಕೆಯನ್ನು ನಾನು ಹೊಲಿಯುವುದಿಲ್ಲ. ಸೂಜಿ ಹಾಕಿದ ಪ್ರತಿ ತೂತೂ ಆ ಬಟ್ಟೆಗೆ ಹೊಸ ಗಾಯ. ಹೊಲಿಗೆ ಬಿಗಿಯಾದರೆ ಬಟ್ಟೆ ಸುಕ್ಕಾಗಿ ಆ ಕೋಣೆಯ ಆಕಾರವೇ ಬದಲಾಗುತ್ತದೆ. ಬೆರಳಗಲ ಹರಿದದ್ದು ಹೊಲಿಗೆಯಿಂದ ದೂರ ಇದ್ದರೆ, ಅದಕ್ಕೆಂದೇ ಬರುವ ಅಂಟುವ ರಿಪ್‌ಸ್ಟಾಪ್ ಟೇಪನ್ನು ಎರಡೂ ಬದಿಗೆ, ಮೂಲೆ ದುಂಡಗೆ ಕತ್ತರಿಸಿ ಹಚ್ಚಬಹುದು. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ. ಹೊಲಿಗೆ ಹತ್ತಿರ, ದಾರ ಕಟ್ಟಿದ ಜಾಗದ ಹತ್ತಿರ ಹರಿದಿದ್ದರೆ ಕಂಪನಿಯ ಸರ್ವಿಸ್‌ಗೇ ಕಳಿಸಬೇಕು. ಮಾರುವವರು ಟೈಲರ್ ಹತ್ತಿರ ಹೋಗಿ ಅಂದರು ಅಂದಮೇಲೆ, ಆ ರೆಕ್ಕೆಗೆ ಇಷ್ಟು ದಿನ ಏನೇನು ಮಾಡಿದ್ದಾರೋ ನೋಡಲೇಬೇಕಾಗಿಲ್ಲ. ರೆಕ್ಕೆ ತುಂಬುವ ಬ್ಯಾಗಿನ ಜಿಪ್ ಹೋಗಿದ್ದರೆ ಅಂಗಡಿಗೆ ತನ್ನಿ, ಅದನ್ನು ಹಾಕಿಕೊಡುತ್ತೇನೆ.